ಕೊರಳಿನ ನರ, ಕಿವಿಯ ಎಲುಬು



ಇಲ್ಲಿ ಈ ಯಂತ್ರದ ಮುಂದೆ ಕುಳಿತು ನಾನಾಡುವ ಮಾತು ಅಲ್ಲಿ ನಿಮ್ಮ ಮನೆಯ ನಡುವಣ ಕೋಣೆಯಲ್ಲಿ ಕೇಳಿಸುವುದೆಂಬುದು ಒಂದು ಸೋಜಿಗ. ತಂತಿಯ ನೆರವಿಲ್ಲದೆ ಧ್ವನಿಯು ಆಕಾಶಮಾರ್ಗವಾಗಿ ಸಂಚರಿಸುವ ಬಗೆಯನ್ನು ಆ ಶಾಸ್ತ್ರವನ್ನು ಬಲ್ಲವರು ವಿವರಿಸಲಿ. ನಾನು ವೈದ್ಯ, ಹುಡುಗರಿಗೆ ಅಂಗರಚನಾಶಾಸ್ತ್ರವನ್ನು ಹೇಳಿಕೊಡುವ ಉಪಾಧ್ಯಾಯ. ಈ ದಾರಿಯಲ್ಲಿ ನನಗೆ ತಿಳಿದಿರುವುದು ಎರಡು ಕೊನೆಗಳು ಮಾತ್ರ: ಇತ್ತ ನನ್ನ ಕೊರಳು, ಅತ್ತ ನಿಮ್ಮ ಕಿವಿ. ಈ ಎರಡರ ರಚನೆಯಲ್ಲಿಯೂ ಮೊದಲ ನೋಟಕ್ಕೆ ಅರ್ಥವಾಗದ ಕೆಲವು ವಕ್ರತೆಗಳುಂಟು. ಆ ವಕ್ರತೆಗಳನ್ನು ಇದ್ದಂತೆಯೇ ಬಾಯಿಪಾಠ ಮಾಡುವುದು ಒಂದು ಕ್ರಮ. ಅವು ಹೀಗೇಕಾದುವು ಎಂದು ವಿಚಾರಿಸುವುದು ಇನ್ನೊಂದು ಕ್ರಮ. ಎರಡನೆಯದರ ಬೆಲೆ ನನಗೆ ತಡವಾಗಿ ತಿಳಿಯಿತು. ತಡವಾದುದರಿಂದ ನಷ್ಟಪಟ್ಟವರು ಬೇರೊಬ್ಬರು. ಅದನ್ನೂ ಹೇಳುವೆನು.

ವೈದ್ಯಕೀಯ ಶಾಲೆಯನ್ನು ಸೇರಿದ ಹುಡುಗನಿಗೆ ಮೊದಲ ವರುಷವೇ ಸಾವಿರಾರು ಹೆಸರುಗಳು ಎದುರಾಗುವುವು. ಎಲುಬು, ಸ್ನಾಯು, ಧಮನಿ, ನರ ಒಂದೊಂದಕ್ಕೂ ಹೆಸರು. ಅದು ಹುಟ್ಟುವ ಎಡೆ, ಹಾಯುವ ದಾರಿ, ಮುಟ್ಟುವ ಎಡೆ. ಮಗ್ಗಿಯನ್ನು ಒಪ್ಪಿಸುವ ಬಾಲಕನಂತೆ ಅವನು ರಾತ್ರಿ ಹಗಲು ಇವನ್ನು ಹೇಳಿಕೊಳ್ಳುವನು. ನಾನೂ ಹಾಗೆಯೇ ಮಾಡಿದೆ. ಆ ಪಾಠದಲ್ಲಿ ಒಂದು ನರದ ಸಂಗತಿ ಬರುವುದು. ಮಿದುಳಿನ ಬುಡದಿಂದ ಹೊರಟು ಕೊರಳು, ಎದೆ, ಹೊಟ್ಟೆಗಳವರೆಗೂ ಅಲೆಯುವ ದೊಡ್ಡ ನರಕ್ಕೆ ವೇಗಸ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ಅಲೆಮಾರಿ ಎಂದು. ಅದರ ಒಂದು ಕವಲು ಧ್ವನಿಪೆಟ್ಟಿಗೆಯ ಸ್ನಾಯುಗಳನ್ನು, ಒಂದನ್ನುಳಿದು ಎಲ್ಲವನ್ನೂ, ಆಡಿಸುತ್ತದೆ. ಮಿದುಳಿಗೂ ಧ್ವನಿಪೆಟ್ಟಿಗೆಗೂ ನಡುವೆ ಇರುವುದು ಒಂದು ಗೇಣಿಗೂ ಕಡಿಮೆಯಾದ ದೂರ. ಆದರೆ ಈ ಕವಲು ನೆಟ್ಟಗೆ ಅಲ್ಲಿಗೆ ಹೋಗುವುದಿಲ್ಲ. ಎಡಗಡೆಯದು ಧ್ವನಿಪೆಟ್ಟಿಗೆಯನ್ನು ದಾಟಿ ಎದೆಯೊಳಗೆ ಇಳಿದು, ಹೃದಯದಿಂದ ಮೇಲಕ್ಕೆದ್ದು ಬಾಗುವ ಮಹಾಧಮನಿಯ ಅಡಿಯಲ್ಲಿ ನುಸುಳಿ, ಬಂದ ದಾರಿಯನ್ನೇ ಹಿಡಿದು ಮತ್ತೆ ಕೊರಳಿಗೆ ಏರುವುದು. ಬಲಗಡೆಯದು ಅಷ್ಟು ಕೆಳಗಿಳಿಯದೆ, ತೋಳಿಗೆ ಹೋಗುವ ಧಮನಿಯನ್ನು ಸುತ್ತಿ ಹಿಂತಿರುಗುವುದು. ಜಿರಾಫೆಯಲ್ಲಿಯೂ ಇದೇ ದಾರಿ: ಆರಡಿಯ ಆ ಕೊರಳನ್ನು ನರವು ಉದ್ದಕ್ಕೂ ಇಳಿದು ಉದ್ದಕ್ಕೂ ಏರಬೇಕು!

ಈ ನರವನ್ನು ಮೊದಲು ಗುರುತಿಸಿ ವಿವರಿಸಿದವನು ಕ್ರಿಸ್ತಶಕ ಎರಡನೆಯ ಶತಮಾನದಲ್ಲಿದ್ದ ಗೇಲನ್ ಎಂಬ ಗ್ರೀಕ್ ವೈದ್ಯ. ರೋಮ್ ನಗರದಲ್ಲಿ ಸಭಿಕರ ಮುಂದೆ ಅರಚುತ್ತಿರುವ ಹಂದಿಯ ಕೊರಳಿನಲ್ಲಿ ಈ ಎರಡು ನರಗಳನ್ನು ಕಟ್ಟಿ ಅದರ ದನಿಯನ್ನು ಅಡಗಿಸಿ ತೋರಿಸಿದನೆಂದು ಅವನೇ ಬರೆದಿದ್ದಾನೆ. ಆ ಪ್ರಯೋಗದ ಕ್ರೌರ್ಯವನ್ನು ಒತ್ತಟ್ಟಿಗಿಟ್ಟರೆ, ನುಡಿಯು ಹೊರಡುವುದು ಹೃದಯದ ಅಪ್ಪಣೆಯಿಂದಲ್ಲ, ಮಿದುಳಿನ ಅಪ್ಪಣೆಯಿಂದ ಎಂದು ಅದು ಸ್ಥಾಪಿಸಿತು. ನರವು ಏಕೆ ಹೀಗೆ ಬಳಸಿ ಬರುವುದೆಂಬ ಪ್ರಶ್ನೆಯನ್ನೂ ಅವನು ಬಿಡಲಿಲ್ಲ. ಧ್ವನಿಪೆಟ್ಟಿಗೆಯ ಸ್ನಾಯುಗಳನ್ನು ಕೆಳಗಡೆಯಿಂದ ಎಳೆಯಬೇಕಾಗಿದೆ; ಅದಕ್ಕಾಗಿ ಸೃಷ್ಟಿಯು ನರವನ್ನು ಹಗ್ಗವನ್ನು ರಾಟೆಗೆ ಹಾಕುವಂತೆ ಧಮನಿಗೆ ಹಾಕಿ ತಿರುಗಿಸಿದೆ ಎಂದು ಅವನ ಸಮಾಧಾನ. ಅವನ ಕಾಲಕ್ಕೆ ಅದು ಸಣ್ಣ ಮಾತಲ್ಲ. ಆದರೆ ನರವು ಹಗ್ಗವಲ್ಲ, ಎಳೆಯುವುದಿಲ್ಲ. ಅದು ಯಾವ ಕಡೆಯಿಂದ ಬಂದು ಮುಟ್ಟಿದರೂ ಸ್ನಾಯುವಿಗೆ ಒಂದೇ.

ಉತ್ತರವಿದ್ದುದು ಮೀನಿನ ಕೊರಳಿನಲ್ಲಿ; ಮೀನಿಗೆ ಕೊರಳೆಂಬುದೇ ಇಲ್ಲವೆಂದು ಹೇಳಬೇಕು. ಅದರ ತಲೆಯ ಹಿಂದೆಯೇ ಕಿವಿರುಗಳು, ಕಿವಿರುಗಳ ಕೆಳಗೇ ಹೃದಯ. ಕಿವಿರುಗಳ ನಡುನಡುವೆ ಕಮಾನಿನಂತೆ ಬಾಗಿದ ಆಧಾರಗಳು. ಕಮಾನಿಗೊಂದು ಮೆಲ್ಲೆಲುಬಿನ ಕಂಬಿ, ಒಂದು ಸ್ನಾಯು, ಹೃದಯದಿಂದ ಮೇಲೇರುವ ಒಂದು ಧಮನಿ, ಮಿದುಳಿನಿಂದ ಇಳಿಯುವ ಒಂದು ನರ. ಒಂದೊಂದು ನರವೂ ತನ್ನ ಧಮನಿಯ ಹಿಂಬದಿಯಲ್ಲಿ ನೆಟ್ಟಗೆ ಇಳಿದು ತನ್ನ ಕಮಾನನ್ನು ಸೇರುವುದು. ಎಲ್ಲಿಯೂ ಸುತ್ತಿಲ್ಲ, ಬಳಸಿಲ್ಲ.

ಇನ್ನು ತಾಯಿಯ ಗರ್ಭದಲ್ಲಿರುವ ಮಾನವ ಪಿಂಡವನ್ನು ನೋಡೋಣ. ನಾಲ್ಕನೆಯ ವಾರದಲ್ಲಿ ಅದರ ಉದ್ದ ಒಂದು ಅಕ್ಕಿಕಾಳಿಗೆ ಮೀರಿದುದಲ್ಲ. ಅದಕ್ಕೂ ಆಗ ಕೊರಳಿಲ್ಲ. ಗಂಟಲಾಗುವ ಭಾಗದ ಕೆಳಗೆ, ಬಹುಮಟ್ಟಿಗೆ ಗದ್ದದ ಅಡಿಯಲ್ಲಿಯೇ, ಹೃದಯವು ಮಿಡಿಯುತ್ತಿರುವುದು. ಗಂಟಲಿನ ಇಕ್ಕೆಲಗಳಲ್ಲಿ ಅಂಥವೇ ಕಮಾನುಗಳು ಒಂದರ ಹಿಂದೊಂದು ತಲೆದೋರುವುವು. ಒಂದೊಂದಕ್ಕೂ ಅದೇ ಸಾಮಗ್ರಿ: ಮೆಲ್ಲೆಲುಬು, ಸ್ನಾಯು, ಧಮನಿ, ನರ. ಧ್ವನಿಪೆಟ್ಟಿಗೆಯು ನಾಲ್ಕನೆಯ ಮತ್ತು ಆರನೆಯ ಕಮಾನುಗಳಿಂದ ರೂಪುಗೊಳ್ಳತಕ್ಕದ್ದು. ನಾವು ಹೇಳುತ್ತಿರುವ ನರವು ಆರನೆಯ ಕಮಾನಿನ ನರ. ಅದು ಆರನೆಯ ಧಮನಿಯ ಹಿಂಬದಿಯಲ್ಲಿ, ಮೀನಿನಲ್ಲಿರುವಂತೆಯೇ, ನೆಟ್ಟಗೆ ತನ್ನ ಕೆಲಸಕ್ಕೆ ಹೋಗುತ್ತದೆ. ಈ ಹಂತದಲ್ಲಿ ಅದಕ್ಕಿಂತ ಹತ್ತಿರದ ದಾರಿಯಿಲ್ಲ.

ಆಮೇಲೆ ಕೊರಳು ಬೆಳೆಯುವುದು. ಹೃದಯ ಎದೆಗೆ ಇಳಿಯುವುದು. ಹೃದಯದೊಡನೆ ಧಮನಿಗಳೂ ಇಳಿಯಬೇಕಷ್ಟೆ. ಧಮನಿಯ ಕೆಳಗೆ ಸಿಕ್ಕಿಕೊಂಡ ನರವು ಅದನ್ನು ದಾಟಿ ಬರಲಾರದು, ಕಡಿದುಹೋಗಲೂ ಆಗದು. ಆದುದರಿಂದ ಉದ್ದವಾಗುತ್ತಾ ಅದರೊಡನೆ ಇಳಿಯುವುದು. ಎಡಗಡೆಯ ಆರನೆಯ ಧಮನಿ ಮಗು ಹುಟ್ಟುವವರೆಗೂ ಉಳಿದಿರುತ್ತದೆ. ಉಸಿರಾಡದ ಶ್ವಾಸಕೋಶವನ್ನು ತಪ್ಪಿಸಿ ನೆತ್ತರನ್ನು ಮಹಾಧಮನಿಗೆ ಸೇರಿಸುವ ಸೇತುವೆಯದು. ಹುಟ್ಟಿದ ಮೇಲೆ ಮುಚ್ಚಿಕೊಂಡು ಬರಿಯ ಹುರಿಯಾಗುತ್ತದೆ. ಬಲಗಡೆಯಲ್ಲಿ ಈ ಆರನೆಯದರ ಹಿಂದಿನ ಭಾಗವು ಮೊದಲೇ ಮಾಯವಾಗುವುದರಿಂದ ನರವು ಅಲ್ಲಿಂದ ಜಾರಿ ಮೇಲಣ ನಾಲ್ಕನೆಯ ಧಮನಿಗೆ ತಗುಲಿಕೊಳ್ಳುವುದು. ಬಲಗಡೆಯ ಆ ನಾಲ್ಕನೆಯದೇ ತೋಳಿನ ಧಮನಿಯ ಬುಡ. ಎಡಗಡೆಯ ನಾಲ್ಕನೆಯದೇ ಮಹಾಧಮನಿಯ ಬಾಗು. ಇಷ್ಟನ್ನು ಒಂದು ಸಲ ಮನಸ್ಸಿನಲ್ಲಿ ಚಿತ್ರಿಸಿಕೊಂಡರೆ ಎಡ ಬಲಗಳ ಭೇದವನ್ನು ಉರುಹೊಡೆಯುವ ಅಗತ್ಯವೇ ಇಲ್ಲ.

ಸುಶ್ರುತ ಸಂಹಿತೆಯನ್ನು ಓದಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಶವವನ್ನು ಹುಲ್ಲಿನಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ನೆನೆಯಿಸಿ ಪದರ ಪದರವಾಗಿ ಪರೀಕ್ಷಿಸಬೇಕೆಂದು ಹೇಳುವ ಅಧ್ಯಾಯವೂ, ಗರ್ಭದಲ್ಲಿ ಅಂಗಗಳು ಮೂಡುವ ಕ್ರಮವನ್ನು ಹೇಳುವ ಅಧ್ಯಾಯಗಳೂ ಶಾರೀರಸ್ಥಾನವೆಂಬ ಒಂದೇ ಭಾಗದಲ್ಲಿ ಒತ್ತೊತ್ತಾಗಿವೆ. ಗರ್ಭದ ವಿಚಾರವೇ ಮೊದಲು. ಜೀವಿಗಳ ವಿಕಾಸದ ಕಲ್ಪನೆ ಅಲ್ಲಿದೆಯೆಂದು ನಾನು ಹೇಳುವುದಿಲ್ಲ. ಇಲ್ಲದುದನ್ನು ಹಿರಿಯರ ಮೇಲೆ ಹೊರಿಸುವುದು ಗೌರವವಲ್ಲ. ಆದರೆ ಕ್ರಮವು ಯೋಗ್ಯವಾದುದು. ನಾನು ಓದುತ್ತಿದ್ದಾಗ ನಮಗೆ ಶವಚ್ಛೇದನವೊಂದು ಕಡೆ, ಪಿಂಡಶಾಸ್ತ್ರವೊಂದು ಕಡೆ. ಎರಡನ್ನೂ ಬೇರೆ ಬೇರೆ ಗಂಟುಕಟ್ಟಿ ಕೊಟ್ಟಿದ್ದರು.

ಹೀಗಿರುವಲ್ಲಿ ನಾನು ಉತ್ತೀರ್ಣನಾಗಿ, ಒಂದು ಆಸ್ಪತ್ರೆಯಲ್ಲಿ ಕಿರಿಯ ವೈದ್ಯನಾಗಿದ್ದಾಗ, ಸೊಪ್ಪು ಮಾರುವ ಹೆಣ್ಣುಮಗಳೊಬ್ಬಳು ಬಂದಳು. ಮೂವತ್ತರ ಹರೆಯ. ದನಿ ಒಡೆದು ಗೊಗ್ಗರಾಗಿತ್ತು. "ಕೂಗಿದ್ರೆ ಮೂರನೇ ಮನೆಗೆ ಕೇಳಾಕಿಲ್ಲ ಸ್ವಾಮಿ, ಯಾಪಾರ ನಿಂತೋಯ್ತು" ಎಂದಳು. ನಾನು ಬಾಯಿ ತೆರೆಯಿಸಿ ನೋಡಿದೆ. ಬೀದಿಬೀದಿಯಲ್ಲಿ ಕೂಗಿ ಗಂಟಲು ನವೆದಿದೆಯೆಂದು ತೀರ್ಮಾನಿಸಿ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿ ಕಳುಹಿಸಿದೆ. ಎರಡು ವಾರ ಬಿಟ್ಟು ಬಂದಳು. ಹಬೆಯನ್ನು ತೆಗೆದುಕೊಳ್ಳಲು ಹೇಳಿದೆ. ಮೂರನೆಯ ಸಲ ಬಂದಾಗ ಮೆಟ್ಟಿಲು ಹತ್ತಿದುದಕ್ಕೇ ಏದುತ್ತಿದ್ದಳು. ಅಂದು ಹಿರಿಯ ವೈದ್ಯರು ಪಕ್ಕದಲ್ಲಿದ್ದರು. "ಅಯ್ಯಾ, ಎದೆ ನೋಡಿದೆಯೇನಪ್ಪ?" ಎಂದು ಕೇಳಿದರು. ನಾನು ನೋಡಿರಲಿಲ್ಲ. ಅವರು ಸ್ಟೆತಾಸ್ಕೋಪನ್ನು ಅವಳ ಎದೆಗಿಟ್ಟು ಒಂದು ನಿಮಿಷ ಆಲಿಸಿ ನನ್ನ ಕಿವಿಗೆ ಕೊಟ್ಟರು. ಹೃದಯದ ಎಡಭಾಗದ ಮೇಲಣ ಕೋಣೆಗೂ ಕೆಳಗಣ ಕೋಣೆಗೂ ನಡುವಣ ಕವಾಟ ಕಿರಿದಾಗಿದ್ದಾಗ ಕೇಳುವ ಗುಡುಗುದನಿಯನ್ನು ನಾನು ಸ್ಪಷ್ಟವಾಗಿ ಕೇಳಿದೆ.

ಬಾಲ್ಯದಲ್ಲಿ ಬರುವ ರುಮ್ಯಾಟಿಕ್ ಜ್ವರದ ಫಲವದು. ನಮ್ಮ ದೇಶದ ಬಡವರಲ್ಲಿ ಆ ರೋಗ ಇನ್ನೂ ತೊಲಗಿಲ್ಲ. ಕವಾಟ ಕಿರಿದಾದರೆ ನೆತ್ತರು ಹಿಂದೆ ಒತ್ತಿ, ಮೇಲಣ ಕೋಣೆಯೂ ಶ್ವಾಸಕೋಶದ ಧಮನಿಯೂ ಉಬ್ಬುವುವು. ಆ ಧಮನಿಗೂ ಮಹಾಧಮನಿಗೂ ನಡುವಣ ಇಕ್ಕಟ್ಟಿನಲ್ಲಿಯೇ ನಮ್ಮ ಎಡಗಡೆಯ ನರ ಹಾಯುವುದು. ಅದು ಅಲ್ಲಿ ನಲುಗಿದರೆ ಇಲ್ಲಿ ದನಿ ಕೆಡುವುದು. ವಿಯೆನ್ನಾ ನಗರದ ಆರ್ಟ್ನರ್ ಎಂಬ ವೈದ್ಯನು ೧೮೯೭ರಲ್ಲಿಯೇ ಇದನ್ನು ವರ್ಣಿಸಿದ್ದನು. ಉಬ್ಬಿದ ಕೋಣೆಯೇ ನರವನ್ನು ಒತ್ತುವುದೆಂದು ಅವನು ತಿಳಿದಿದ್ದನು, ಒತ್ತುವುದು ಬಹುಮಟ್ಟಿಗೆ ಉಬ್ಬಿದ ಧಮನಿಯೆಂದು ಅನಂತರದವರು ಕಂಡುಕೊಂಡರು. ಶ್ವಾಸಕೋಶದ ಮೇಲ್ತುದಿಯ ಗೆಡ್ಡೆಯೂ, ಮಹಾಧಮನಿಯ ಬಾಗಿನಲ್ಲಾಗುವ ಉಬ್ಬೂ ಹೀಗೆಯೇ ದನಿಯನ್ನು ಕೆಡಿಸಬಲ್ಲುವು. ಮೂರು ವಾರ ಮೀರಿ ಗಂಟಲು ಗೊಗ್ಗರಾಗಿದ್ದರೆ ವೈದ್ಯರು ಧ್ವನಿಪೆಟ್ಟಿಗೆಯನ್ನೂ ಎದೆಯನ್ನೂ ಪರೀಕ್ಷಿಸಬೇಕೆನ್ನುವುದು ಇದರಿಂದಲೇ.

ನರದ ದಾರಿ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪರೀಕ್ಷಕರು ಕೇಳಿದ್ದರೆ ಒಂದು ತಪ್ಪಿಲ್ಲದೆ ಒಪ್ಪಿಸುತ್ತಿದ್ದೆ. ಆದರೆ ಕೊರಳು, ಹೃದಯ ಎಂಬುವು ನನ್ನ ಪುಸ್ತಕದಲ್ಲಿ ಎರಡು ಬೇರೆ ಅಧ್ಯಾಯಗಳು. ಅವು ಒಂದು ಕಾಲದಲ್ಲಿ ನೆರೆಮನೆಯವೆಂಬುದು ನನ್ನ ಮನಸ್ಸಿಗೆ ಇಳಿದಿರಲಿಲ್ಲ. ಆ ಹೆಣ್ಣುಮಗಳ ಕವಾಟವನ್ನು ತರುವಾಯ ಅಗಲಿಸಿದರು. ಏದುಸಿರು ನಿಂತಿತು. ದನಿ ಕೆಲವು ತಿಂಗಳಲ್ಲಿ ಅಷ್ಟಿಷ್ಟು ಮರಳಿತು, ಹಿಂದಿನಂತಾಗಲಿಲ್ಲ. ನಾನು ಮೊದಲ ದಿನವೇ ಎದೆಯನ್ನು ನೋಡಿದ್ದರೆ ಪೂರ್ತಿಯಾಗಿ ಮರಳುತ್ತಿತ್ತೋ ಏನೋ.

ಶಸ್ತ್ರವೈದ್ಯರಿಗೆ ಈ ನರದ ವಿಚಾರವು ಇನ್ನೂ ಹತ್ತಿರದ್ದು. ಗಳಗಂಡವೇ ಮೊದಲಾದ ರೋಗಗಳಿಗಾಗಿ ಥೈರಾಯಿಡ್ ಗ್ರಂಥಿಯನ್ನು ತೆಗೆಯುವಾಗ, ಅದರ ಬೆನ್ನಿಗೇ ಹತ್ತಿಕೊಂಡಿರುವ ಈ ಬಿಳಿಯ ಎಳೆಗೆ ಕತ್ತರಿ ತಗುಲಿದರೆ ದನಿ ಹೋಯಿತು. ಎರಡು ಕಡೆಯೂ ತಗುಲಿದರೆ ಉಸಿರಿಗೇ ಅಪಾಯ. ಥೈರಾಯಿಡ್ ಗ್ರಂಥಿಯ ವಿಷಯವಾಗಿ ೧೯೦೯ರಲ್ಲಿ ನೊಬೆಲ್ ಬಹುಮಾನ ಪಡೆದ ಸ್ವಿಟ್ಜರ್ಲೆಂಡಿನ ಕೋಖರನು ಮಿತವಾದ ರಕ್ತಸ್ರಾವದೊಡನೆ ನಿಧಾನವಾಗಿ ಕತ್ತರಿಸುವುದನ್ನು ಕಲಿಸಿದನು. ಆದರೆ ನೂರರಲ್ಲಿ ಒಬ್ಬರಿಗೂ ಕಡಿಮೆ ಜನರಲ್ಲಿ ಬಲಗಡೆಯ ನರವು ಹುಡುಕಿದ ಎಡೆಯಲ್ಲಿ ಇರುವುದೇ ಇಲ್ಲ. ಅದು ಕೊರಳಿನ ಮೇಲ್ಭಾಗದಲ್ಲಿಯೇ ಅಡ್ಡಲಾಗಿ ನೆಟ್ಟಗೆ ಧ್ವನಿಪೆಟ್ಟಿಗೆಗೆ ಬಂದಿರುವುದು. ಇದನ್ನು ೧೮೨೩ರಲ್ಲಿ ಸ್ಟೆಡ್ಮನ್ ಎಂಬಾತನು ಎಡಿನ್‌ಬರೋ ಪತ್ರಿಕೆಯಲ್ಲಿ ವಿಚಿತ್ರವೆಂದು ವರದಿಮಾಡಿದನು. ನಾವು ಈಗ ನೋಡಿದ ಕಥೆಯನ್ನು ತಿಳಿದವರಿಗೆ ಅದು ವಿಚಿತ್ರವಲ್ಲ. ಇಂಥವರಲ್ಲಿ ಪಿಂಡಾವಸ್ಥೆಯಲ್ಲಿ ಬಲಗಡೆಯ ನಾಲ್ಕನೆಯ ಧಮನಿಯೂ ಅಳಿದುಹೋಗಿದೆ. ಬಲತೋಳಿಗೆ ನೆತ್ತರು ಎಡಗಡೆಯಿಂದ ಹೊರಟ ಬೇರೊಂದು ಧಮನಿಯಿಂದ, ಸಾಮಾನ್ಯವಾಗಿ ಅನ್ನನಾಳದ ಹಿಂದುಗಡೆಯಿಂದ, ಬರುತ್ತಿದೆ. ಕೆಳಗೆ ಎಳೆಯುವ ಧಮನಿಯೇ ಇಲ್ಲದಿರುವಾಗ ನರವೇಕೆ ಇಳಿಯಬೇಕು? ಅದು ಮೀನಿನ ದಾರಿಯಲ್ಲಿಯೇ ಉಳಿದುಕೊಂಡಿದೆ. ಆದುದರಿಂದ ಎದೆಯ ಚಿತ್ರದಲ್ಲಿ ಅಂಥ ಧಮನಿಯು ಮೊದಲೇ ಕಂಡುಬಂದರೆ, ಬಲ್ಲ ಶಸ್ತ್ರವೈದ್ಯನು ನರವು ಅಡ್ಡಲಾಗಿರುವುದೆಂದು ತಿಳಿದೇ ಕೈಹಾಕುವನು. ತಿಳಿಯದವನು ಆ ಅಡ್ಡ ಎಳೆಯನ್ನು ರಕ್ತನಾಳವೆಂದು ಕಟ್ಟಿ ಕತ್ತರಿಸಬಹುದು.

ಇನ್ನು ದಾರಿಯ ಅತ್ತಣ ಕೊನೆಗೆ, ನಿಮ್ಮ ಕಿವಿಗೆ ಬರೋಣ. ನನ್ನ ಧ್ವನಿ ನಿಮ್ಮ ಕಿವಿಯ ತಮಟೆಯನ್ನು ಅಲುಗಿಸಿದೊಡನೆ ಅದರ ಹಿಂದೆ ಮೂರು ಸಣ್ಣ ಎಲುಬುಗಳು ಅಲುಗುವುವು: ಸುತ್ತಿಗೆ, ಅಡಿಗಲ್ಲು, ರಿಕಾಪು. ಕೊನೆಯದು ಮೂರು ಮಿಲಿಮೀಟರಿನಷ್ಟು. ದೇಹದ ಎಲುಬುಗಳಲ್ಲೆಲ್ಲ ಅತಿ ಚಿಕ್ಕದು. ಸುತ್ತಿಗೆಗೆ ಒಂದು, ರಿಕಾಪಿಗೆ ಒಂದು ಹೀಗೆ ಎರಡು ಕಿರುಸ್ನಾಯುಗಳು. ಅರ್ಧ ಅಂಗುಲದ ಆ ಗವಿಯಲ್ಲಿರುವ ಎರಡು ಸ್ನಾಯುಗಳಿಗೆ ಎರಡು ಬೇರೆ ನರಗಳು! ಸುತ್ತಿಗೆಯದಕ್ಕೆ ಅಗಿಯುವ ದವಡೆಯ ನರ, ರಿಕಾಪಿನದಕ್ಕೆ ಮುಖದ ನರ. ಹುಡುಗರು ಇದನ್ನು ಶಪಿಸುತ್ತಾ ಉರುಹೊಡೆಯುವರು.

ಕಾರಣವನ್ನು ಜರ್ಮನಿಯ ರೈಕರ್ಟ್ ಎಂಬುವನು ೧೮೩೭ರಲ್ಲಿ ಹಂದಿಯ ಪಿಂಡಗಳನ್ನು ಪರೀಕ್ಷಿಸಿ ತೋರಿಸಿಕೊಟ್ಟನು. ಹಲ್ಲಿ, ಮೊಸಳೆಗಳ ಕೆಳದವಡೆಯಲ್ಲಿ ಹಲವು ಎಲುಬುಗಳಿವೆ, ನಮ್ಮದರಲ್ಲಿ ಒಂದೇ. ಅವುಗಳಲ್ಲಿ ದವಡೆಯ ಕೀಲಾಗಿರುವ ಎರಡು ಎಲುಬುಗಳೇ ಸ್ತನಿಗಳಲ್ಲಿ ಸಣ್ಣದಾಗಿ ಕಿವಿಯನ್ನು ಸೇರಿ ಸುತ್ತಿಗೆ, ಅಡಿಗಲ್ಲುಗಳಾಗಿವೆ. ರಿಕಾಪಾದರೋ ಎರಡನೆಯ ಕಮಾನಿಗೆ ಸೇರಿದ್ದು. ಮೀನಿನಲ್ಲಿ ದವಡೆಯನ್ನು ತಲೆಬುರುಡೆಗೆ ತಗುಲಿಸುತ್ತಿದ್ದ ಎಲುಬದು. ದವಡೆಯ ಎಲುಬಿಗೆ ದವಡೆಯ ನರ, ಎರಡನೆಯ ಕಮಾನಿನ ಎಲುಬಿಗೆ ಎರಡನೆಯ ಕಮಾನಿನ ನರ. ಎಲುಬು ಮನೆ ಬದಲಾಯಿಸಿದರೂ ನರವನ್ನು ಬಿಟ್ಟುಬರಲಿಲ್ಲ. ಮುಖದ ಒಂದು ಪಕ್ಕ ಸೊಟ್ಟಗಾಗುವ ಪಾರ್ಶ್ವವಾತದಲ್ಲಿ ಕೆಲವರು "ಆ ಕಡೆಯ ಕಿವಿಗೆ ಪಾತ್ರೆಯ ಸದ್ದು ಸಹ ಹೊಡೆದಂತಾಗುತ್ತದೆ" ಎಂದು ದೂರುವರು. ಅದು ಭ್ರಮೆಯಲ್ಲ. ರಿಕಾಪನ್ನು ಬಿಗಿಹಿಡಿದು ಸದ್ದನ್ನು ತಗ್ಗಿಸುವ ಸ್ನಾಯುವೂ ಅದೇ ಮುಖದ ನರದ ಪಾಲಿಗೆ ಸೇರಿದ್ದಲ್ಲವೆ?

ದವಡೆಯ ಕೀಲು ಕಳಚಿ ಕಿವಿಗೆ ಹೋಗುವಾಗ ಆ ಪ್ರಾಣಿ ಅಗಿದದ್ದು ಹೇಗೆ ಎಂದು ನೀವು ಕೇಳಬಹುದು, ಕೇಳಲೇಬೇಕಾದ ಪ್ರಶ್ನೆ. ವೇಲ್ಸ್ ದೇಶದ ಕಲ್ಲುಗಣಿಗಳಲ್ಲಿ ಸಿಕ್ಕಿ, ೧೯೪೯ರಲ್ಲಿ ಮಾರ್ಗನುಕೊಡಾನ್ ಎಂಬ ಹೆಸರನ್ನು ಪಡೆದ ಇಲಿಯಂಥ ಪ್ರಾಣಿಯೊಂದುಂಟು. ಸುಮಾರು ಇಪ್ಪತ್ತು ಕೋಟಿ ವರುಷಗಳ ಹಿಂದಿನದು. ಅದರ ದವಡೆಗೆ ಹಳೆಯ ಕೀಲು, ಹೊಸ ಕೀಲು ಎರಡೂ ಅಕ್ಕಪಕ್ಕದಲ್ಲಿದ್ದುವು. ಹೊಸದು ಭಾರವನ್ನು ಹೊತ್ತ ಮೇಲೆ ಹಳೆಯದಕ್ಕೆ ಬಿಡುವಾಯಿತು. ಚೀನಾದಲ್ಲಿ ದೊರೆತು ೨೦೦೭ರಲ್ಲಿ ಪ್ರಕಟವಾದ ಯಾನೊಕೊನೊಡಾನ್ ಎಂಬ ಇನ್ನೊಂದರಲ್ಲಿ ಕಿವಿಯ ಎಲುಬುಗಳು ಮೆಲ್ಲೆಲುಬಿನ ಕಂಬಿಯೊಂದರಿಂದ ದವಡೆಗೆ ಇನ್ನೂ ಕಟ್ಟಿಕೊಂಡೇ ಇವೆ. ಆ ಕಂಬಿ ಮಾನವ ಪಿಂಡದಲ್ಲಿಯೂ ಮೂಡಿ, ಗದ್ದದಿಂದ ಕಿವಿಯವರೆಗೆ ಚಾಚಿ, ಹುಟ್ಟುವ ಮೊದಲೇ ಬಹುಭಾಗ ಅಳಿಯುವುದು. ಅಮೆರಿಕದ ಅಪೋಸಮ್ ಎಂಬ ಚೀಲಹೊಟ್ಟೆಯ ಪ್ರಾಣಿಯ ಮರಿಯಾದರೋ ಹುಟ್ಟಿದ ಕೆಲವು ವಾರ ಹಳೆಯ ಕೀಲಿನಿಂದಲೇ ದವಡೆಯಾಡಿಸಿ ಹಾಲು ಕುಡಿಯುತ್ತದೆ. ಆಮೇಲೆ ಅದೇ ಎಲುಬುಗಳಿಂದ ಕೇಳತೊಡಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಮಾನವ ಪಿಂಡವು ಮೊದಲು ಮೀನಾಗಿ, ಆಮೇಲೆ ಕಪ್ಪೆಯಾಗಿ, ಹಲ್ಲಿಯಾಗಿ ಕೊನೆಗೆ ಮನುಷ್ಯನಾಗುವುದೆಂಬ ಮಾತನ್ನು ನೀವು ಕೇಳಿರಬಹುದು. ಹೆಕ್ಕೆಲನು ೧೮೬೬ರಲ್ಲಿ ಸಾರಿದ ಆ ಸೂತ್ರವು ಸರಿಯಲ್ಲ. ಪಿಂಡಕ್ಕೆ ಎಂದೂ ಕಿವಿರುಗಳಿರುವುದಿಲ್ಲ, ಅದು ಎಂದೂ ಅವುಗಳಿಂದ ಉಸಿರಾಡುವುದಿಲ್ಲ. ಅವನಿಗಿಂತ ಮೊದಲೇ, ೧೮೨೮ರಲ್ಲಿ, ಫಾನ್ ಬೇಯರ್ ಎಂಬ ವಿದ್ವಾಂಸನು ಹೇಳಿದುದು ಸತ್ಯಕ್ಕೆ ಹತ್ತಿರ: ನಮ್ಮ ಪಿಂಡವು ಹೋಲುವುದು ಬೆಳೆದ ಮೀನನ್ನಲ್ಲ, ಮೀನಿನ ಪಿಂಡವನ್ನು. ಇಬ್ಬರೂ ಒಂದೇ ಬಗೆಯ ಕಮಾನುಗಳಿಂದ ಹೊರಟು, ಮೀನು ಅವನ್ನು ಕಿವಿರಾಗಿಸಿಕೊಂಡಿತು, ನಾವು ಕೊರಳು ಕಿವಿಗಳಾಗಿಸಿಕೊಂಡೆವು.

ಹಿಂದೆ ನಮ್ಮ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರವನ್ನು ಓದಿದವರು ಸ್ಕೋಲಿಯೋಡಾನ್ ಎಂಬ ಶಾರ್ಕ್ ಮೀನಿನ ತಲೆಯ ನರಗಳನ್ನು ಬಿಡಿಸಿ ತೋರಿಸಲೇಬೇಕಾಗಿತ್ತು. ವೇಗಸ್ ನರವು ಕಿವಿರುಗಳಿಗೆ ನಾಲ್ಕು ಕವಲುಗಳನ್ನು ಕೊಡುವುದನ್ನು ನಾನೂ ಮೂಗು ಮುಚ್ಚಿಕೊಂಡು ಬಿಡಿಸಿದ್ದೆ. ಮರುವರುಷ ವೈದ್ಯಕೀಯ ಶಾಲೆಯಲ್ಲಿ ಮನುಷ್ಯನ ಕೊರಳಿನಲ್ಲಿ ಅದನ್ನೇ ಬಿಡಿಸುವಾಗ, ಇದು ನಿನ್ನ ಹಳೆಯ ಪರಿಚಯದ ನರವೆಂದು ನನಗಾರೂ ಹೇಳಲಿಲ್ಲ. ನನಗಾಗಿ ನಾನು ಗುರುತಿಸಲೂ ಇಲ್ಲ. ೨೦೧೪ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಪ್ರಾಣಿಗಳ ಛೇದನವನ್ನು ನಿಲ್ಲಿಸಬೇಕೆಂದಿತು. ಜೀವದಯೆಯ ದೃಷ್ಟಿಯಿಂದ ಅದು ಒಳ್ಳೆಯದೇ. ನನ್ನ ಬಳಿ ಹಳೆಯ ಗಾಜಿನ ಜಾಡಿಯೊಂದರಲ್ಲಿ ಬಿಡಿಸಿಟ್ಟ ಒಂದು ಶಾರ್ಕ್ ಇದೆ. ಈಗ ಕೊರಳಿನ ಪಾಠದ ದಿನ ಶವದ ಪಕ್ಕದ ಮೇಜಿನ ಮೇಲೆ ಅದನ್ನು ಇಡುವೆನು. ಮೊದಲು ಅದರಲ್ಲಿ ಕಮಾನುಗಳನ್ನು ಎಣಿಸಿರಿ, ಆಮೇಲೆ ಕತ್ತರಿ ಹಿಡಿಯಿರಿ ಎನ್ನುವೆನು.

ಎಣಿಸಿದ ಮೇಲೆ ಪ್ರತಿ ವರುಷವೂ ಯಾರಾದರೊಬ್ಬರು ತಪ್ಪದೆ ಕೇಳುವರು: "ಮೇಷ್ಟ್ರೇ, ಮನುಷ್ಯನಲ್ಲಿ ನಾಲ್ಕಾದ ಮೇಲೆ ಆರು ಎನ್ನುತ್ತೀರಿ; ಐದನೆಯದು ಎಲ್ಲಿ?" ಅದು ನಮ್ಮಲ್ಲಿ ಮೂಡಿ ಅಳಿಯುವುದೋ, ಮೂಡುವುದೇ ಇಲ್ಲವೋ ಎಂದು ವಿದ್ವಾಂಸರಲ್ಲಿ ವಾದ ತೀರಿಲ್ಲ. ಮೀನಿನ ಲೆಕ್ಕದಲ್ಲಿ ಅದಕ್ಕೆ ಕಾದಿರಿಸಿದ ಸಂಖ್ಯೆಯನ್ನು ಮಾತ್ರ ಇನ್ನೂ ಯಾರೂ ಬೇರೊಂದಕ್ಕೆ ಕೊಟ್ಟಿಲ್ಲ.